ಕಡೆಯ ಡಬ್ಬಿಯ ಕುರುಹು

ಈ ಸ್ಮರಣ ಸಂಚಿಕೆಗಾಗಿ ಚಿತ್ರಗಳನ್ನು ಕೂಡಿಸುತ್ತಿದ್ದಾಗ ಭಟ್ಕಳದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ತಾಯಿಯವರ ತರಗತಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಾದಿಟ್ಟಿರುವದಾಗಿ ತಿಳಿಸಿದರು. ಮೂಲಪ್ರತಿಯು ಗೆದ್ದಲಿನ ಪಾಲಾಗಿತ್ತು. ಆ ಯಂತ್ರದಲ್ಲಿ ಸ್ಥಳ ಸಾಲದ್ದರಿಂದ ನಾವು ಚಿತ್ರಗಳನ್ನು ನಕಲು ಮಾಡದೆ ಪೆನ್ ಡ್ರೈವಿಗೆ ಸ್ಥಳಾಂತರಿಸಿದೆವು. ಪರದೆಯ ಮೇಲಿನ ಪಟ್ಟಿಯು ತುಂಬಿ ಮಾಯವಾದೊಡನೆ, ಕುಮಟೆಯ ಬಸ್ಸಿಗೆ ಹೊತ್ತಾಯಿತೆಂದು, ಅದನ್ನು ಕಿತ್ತುಕೊಂಡು ಹೊರಟೆವು. ಕುಮಟೆಯಲ್ಲಿ ತೆರೆದು ನೋಡಲಾಗಿ ಕಡೆಯ ಕೆಲವು ಚಿತ್ರಗಳ ಹೆಸರುಗಳಷ್ಟೇ ಇದ್ದವು. ಒಳಗೆ ಏನೂ ಇರಲಿಲ್ಲ. ತಪ್ಪು ನಮ್ಮದೇ. ಆದಕಾರಣ ಈ ವಿಷಯವನ್ನು ಅಭ್ಯಾಸ ಮಾಡಿ ಇಲ್ಲಿ ಬರೆಯುತ್ತಿದ್ದೇವೆ.

1998ನೇ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೇಲ್ವೆಯು ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಮೇಲಿಂದಲೇ ಹೋಗುವದಷ್ಟೆ. ಗಾಡಿಯ ಕಟ್ಟಕಡೆಯ ಡಬ್ಬಿಗೆ 'ಎಲ್.ವಿ.' ಎಂಬ ಫಲಕವನ್ನೂ ರಾತ್ರಿಯಲ್ಲಿ ಕೆಂಪು ದೀಪವನ್ನೂ ಕಟ್ಟಿರುತ್ತಾರೆ. ಎಂಜಿನು ಬಂದ ಮಾತ್ರಕ್ಕೆ ಗಾಡಿ ಬಂದಂತಾಗದು. ಆ ಕುರುಹು ಕಂಡರೆ ನಡುವೆ ಡಬ್ಬಿಗಳು ಕಳಚಿ ಉಳಿದಿಲ್ಲವೆಂದು ನಿಶ್ಚಯವಾಗುವದು.

ಪೆನ್ ಡ್ರೈವಿನಲ್ಲಿಯೂ ಇಂಥದೊಂದು ಏರ್ಪಾಡಿದೆ. ಕಂಪ್ಯೂಟರು ಮೊದಲು 31 ಬೈಟುಗಳ ಆಜ್ಞಾಪತ್ರವನ್ನು ಕಳುಹಿಸುವದು. ತರುವಾಯ ಮಾಹಿತಿಯು ಹೋಗುವದು. ಕಡೆಗೆ ಡ್ರೈವು 13 ಬೈಟುಗಳ ಉತ್ತರವನ್ನು ಕೊಡುವದು. ಮೊದಲಿನ 4 ಬೈಟುಗಳು 'ಯು, ಎಸ್, ಬಿ, ಎಸ್' ಎಂಬ ಅಕ್ಷರಗಳ ಸಹಿ. ಮುಂದಿನ 4, ಯಾವ ಆಜ್ಞೆಗೆ ಇದು ಉತ್ತರವೆಂಬ ಅಂಕೆ. ಮತ್ತೆ 4, ಹೇಳಿದ್ದರಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕ. ಕೊನೆಯ ಒಂದು ಬೈಟಿನಲ್ಲಿ ತೀರ್ಪು: ಸೊನ್ನೆಯಾದರೆ ಕೆಲಸ ಆಯಿತು, ಒಂದಾದರೆ ಕೆಟ್ಟಿತು, ಎರಡಾದರೆ ಕ್ರಮವೇ ತಪ್ಪಿತು. ಈ ನಿಯಮಗಳ ಪುಸ್ತಕದ ಮೇಲೆ 1999ನೇ ಸಪ್ಟಂಬರ 31 ಎಂಬ ತಾರೀಖು ಅಚ್ಚಾಗಿದೆ! ಸಪ್ಟಂಬರಕ್ಕೆ 30 ದಿವಸಗಳೇ ಎಂಬದನ್ನು ನಮ್ಮ ಕೆಳಗಿನ ತರಗತಿಯ ಹುಡುಗಿಯರೂ ಬಲ್ಲರು.

ಉತ್ತರವು ಇಷ್ಟು ಖಂಡಿತವಾಗಿದ್ದರೂ ನಾವು ಮೋಸಹೋದದ್ದು ಯಾಕೆ? ಯಾಕಂದರೆ ಪರದೆಯ ಪಟ್ಟಿಯು ಆ ಉತ್ತರವನ್ನು ತೋರಿಸುವದಲ್ಲ. ಭಟ್ಕಳದ ಆ ಯಂತ್ರದಲ್ಲಿದ್ದ ಲಿನಕ್ಸು ವ್ಯವಸ್ಥೆಯು ಬರಹವನ್ನು ಮೊದಲು ತನ್ನ ನೆನಪಿನಲ್ಲಿಯೇ ಇಟ್ಟುಕೊಂಡು, ಸಾವಕಾಶವಾಗಿ ಡ್ರೈವಿಗೆ ರವಾನಿಸುವದು. ಪಟ್ಟಿಯು ತುಂಬಿತೆಂದರೆ ಸಾಮಾನು ನಿಲ್ದಾಣಕ್ಕೆ ಬಂತೆಂದರ್ಥವೇ ಹೊರತು ಗಾಡಿ ಊರು ಮುಟ್ಟಿತೆಂದಲ್ಲ. ಹೆಸರುಗಳ ಪಟ್ಟಿಯೂ ಚಿತ್ರದ ಒಡಲೂ ಡ್ರೈವಿನಲ್ಲಿ ಬೇರೆ ಬೇರೆ ಕಡೆಗಳಲ್ಲಿ ಬರೆಯಲ್ಪಡುವದರಿಂದ, ನಡುವೆ ಕಿತ್ತರೆ ಹೆಸರು ಉಳಿದು ಒಡಲು ಇಲ್ಲದೆ ಹೋಗಬಹುದು. ವಿಂಡೋಸಿನಲ್ಲಿ 2018ರ 1809ನೇ ಆವೃತ್ತಿಯಿಂದ ಇಂಥ ತಡೆಹಿಡಿಯುವಿಕೆಯನ್ನು ವಾಡಿಕೆಯಾಗಿ ಬಿಟ್ಟಿದ್ದಾರೆ. ಆದರೂ ಬರೆಯುತ್ತಿರುವಾಗ ಕೀಳತಕ್ಕದ್ದಲ್ಲ.

ಮಿನುಗುವ ದೀಪವನ್ನು ನಂಬುವವರು ಬಹಳ. ಅದು ಹೇಗೆ ಮಿನುಗಬೇಕೆಂಬದು ತಯಾರಿಸಿದವರ ಇಷ್ಟ; ಕೆಲವಕ್ಕೆ ದೀಪವೇ ಇಲ್ಲ. 'ಸುರಕ್ಷಿತವಾಗಿ ತೆಗೆ' ಎಂಬ ಆಜ್ಞೆಯನ್ನು ಕೊಟ್ಟಾಗ ಮಾತ್ರ ಕಂಪ್ಯೂಟರು ತನ್ನಲ್ಲಿ ಉಳಿದದ್ದನ್ನೆಲ್ಲ ಬರೆದು ಮುಗಿಸಿ, ಇನ್ನು ತೆಗೆಯಬಹುದೆಂದು ಹೇಳುವದು. ನಾವೀಗ ಸ್ಥಳಾಂತರಿಸುವದನ್ನು ಬಿಟ್ಟಿದ್ದೇವೆ. ನಕಲು ಮಾಡಿ, ಮತ್ತೊಂದು ಯಂತ್ರದಲ್ಲಿ ಪ್ರತಿಯೊಂದನ್ನೂ ತೆರೆದು ನೋಡಿದ ಮೇಲೆಯೇ ಮೂಲವನ್ನು ಅಳಿಸುತ್ತೇವೆ.

ಆ ತರಗತಿಯ ಚಿತ್ರದ ಇನ್ನೊಂದು ಪ್ರತಿಯು ಹೊನ್ನಾವರದಲ್ಲಾಗಲಿ ಕುಮಟೆಯಲ್ಲಾಗಲಿ ಯಾರ ಮನೆಯ ಗೋಡೆಯ ಮೇಲಾದರೂ ಇದ್ದಲ್ಲಿ, ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ದಯಮಾಡಿ ಶಾಲೆಗೆ ತಿಳಿಸಬೇಕೆಂದು ಬೇಡಿಕೊಳ್ಳುತ್ತೇವೆ. ನಾವೇ ಬಂದು ನೋಡುವೆವು.