ಕತ್ತಲಲ್ಲಿ ದಾರಿ ಕಾಣಲಿ, ಎದುರಿನವರ ಕಣ್ಣೂ ಉಳಿಯಲಿ: ಹೆಡ್‌ಲೈಟ್ ಬಲ್ಬು ಬದಲಿಸುವ ಕ್ರಮ

ಮಳೆಗಾಲದ ರಾತ್ರಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕಾರು ಓಡಿಸಿದವರಿಗೆ ಹೆಡ್‌ಲೈಟಿನ ಬೆಲೆ ಗೊತ್ತು. ಒದ್ದೆಯಾದ ಡಾಂಬರಿನ ಮೇಲೆ ಬಿದ್ದ ಬೆಳಕು ಚಾಲಕನ ಕಣ್ಣಿಗೆ ವಾಪಸ್ ಬರುವುದು ಕಡಿಮೆ. ಗುಂಡಿ, ಹಂಪು, ರಸ್ತೆಯಂಚಿನ ದನ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಎಲ್ಲವೂ ತೀರಾ ಹತ್ತಿರ ಬಂದ ಮೇಲೆ ಕಾಣುತ್ತವೆ. ಇನ್ನೂ ಜೋರಾದ ಬಲ್ಬು ಹಾಕಿಸೋಣ ಅನ್ನಿಸುವುದು ಸಹಜ. ಆದರೆ ಬೆಳಕು ಹೆಚ್ಚಿದ ಮಾತ್ರಕ್ಕೆ ದಾರಿ ಕಾಣುವುದಿಲ್ಲ. ಅದು ಬೀಳಬೇಕಾದ ಜಾಗಕ್ಕೆ ಬೀಳಬೇಕು. ಹ್ಯಾಲೊಜೆನ್ ಬಲ್ಬಿನ ಕಾರು ಇರುವವರು ಈ ಕೆಲಸವನ್ನು ಮನೆಯಲ್ಲೇ, ಕ್ರಮವಾಗಿ ಮಾಡಿಕೊಳ್ಳಬಹುದು. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಬದಲಿಸುವ ಬಲ್ಬು ಇರುವುದಿಲ್ಲ. ಅಂಥವರಿಗೆ ಗಾಜು ಶುಚಿ ಮಾಡುವ ಮತ್ತು ಬೆಳಕಿನ ಎತ್ತರ ನೋಡುವ ಹಂತಗಳು ಸಾಕು.

ಬೇಕಾಗುವ ಸಾಮಾನು

ಕಾರಿನ ಜೊತೆ ಬಂದ ಕೈಪಿಡಿ, ಒಂದು ಜೊತೆ ಹೊಸ ಬಲ್ಬು, ಶುಚಿಯಾದ ಹತ್ತಿಯ ಕೈಗವಸು ಅಥವಾ ಬಟ್ಟೆ, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಅಳತೆ ಟೇಪು, ಅಂಟುವ ಪೇಪರ್ ಟೇಪು, ಸಾಧ್ಯವಾದರೆ ಮಲ್ಟಿಮೀಟರ್.

ಹಂತ 1: ಮೊದಲು ಗಾಜು ನೋಡಿ

ಹೆಡ್‌ಲೈಟಿನ ಮುಂಭಾಗವನ್ನು ನಾವು ಗಾಜು ಎನ್ನುತ್ತೇವೆ, ಆದರೆ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣ ಬಿದ್ದು ಬಿದ್ದು ಅದರ ಮೇಲಿನ ರಕ್ಷಣಾ ಲೇಪ ಹಾಳಾಗುತ್ತದೆ, ಪ್ಲಾಸ್ಟಿಕ್ ಹಳದಿಗಟ್ಟಿ ಮಂಜಾಗುತ್ತದೆ. ಅಂಥ ಗಾಜಿನ ಹಿಂದೆ ಎಷ್ಟೇ ಒಳ್ಳೆಯ ಬಲ್ಬು ಹಾಕಿದರೂ ಬೆಳಕು ಚದುರಿ ಹೋಗುತ್ತದೆ.

ಬರೀ ಕೆಸರು, ಹುಳುಗಳ ಕಲೆ ಇದ್ದರೆ ಸೋಪಿನ ನೀರು ಸಾಕು. ಹಳದಿಯಾಗಿದ್ದರೆ 1000, 2000, 3000 ನಂಬರಿನ ವಾಟರ್ ಪೇಪರಿನಿಂದ ಅದೇ ಕ್ರಮದಲ್ಲಿ ನೀರು ಹಾಕಿಕೊಂಡು ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಲೇಪ ಹಚ್ಚಬೇಕು. ಟೂತ್‌ಪೇಸ್ಟ್ ಉಜ್ಜಿದರೆ ಆ ಹೊತ್ತಿಗೆ ಹೊಳೆಯುತ್ತದೆ; ಮೇಲೆ ಲೇಪವಿಲ್ಲದ ಕಾರಣ ಬೇಗ ಮತ್ತೆ ಹಳದಿಯಾಗುತ್ತದೆ. ವಿಂಡ್‌ಶೀಲ್ಡಿನ ಒಳಮೈಯನ್ನೂ ಒರೆಸಿ. ಅಲ್ಲಿ ಕೂತ ತೆಳು ಜಿಡ್ಡು ಎದುರಿನ ದೀಪವನ್ನು ಇಡೀ ಗಾಜಿಗೆ ಹರಡುತ್ತದೆ.

ಹಂತ 2: ಯಾವ ಬಲ್ಬು ಎಂದು ಗುರುತಿಸಿ

ಬಲ್ಬಿನ ನಮೂನೆ ಕೈಪಿಡಿಯಲ್ಲಿರುತ್ತದೆ, ಹಳೆಯ ಬಲ್ಬಿನ ಬುಡದಲ್ಲೂ ಅಚ್ಚಾಗಿರುತ್ತದೆ. ಮಾರುತಿ ಆಲ್ಟೊ, ವ್ಯಾಗನ್‌ಆರ್‌ನಂಥ ಕಾರುಗಳಲ್ಲಿ ಕಾಣುವುದು ಎಚ್4. ಇದಕ್ಕೆ ಮೂರು ಪಿನ್ನು, ಒಳಗೆ ಎರಡು ತಂತಿ: ಹೈಬೀಮಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಹೈ ಮತ್ತು ಡಿಮ್ಮಿಗೆ ಬೇರೆ ಬೇರೆ ಬಲ್ಬು ಇರುವ ಕಾರುಗಳಲ್ಲಿ 55 ವಾಟಿನ ಎಚ್7, ಎಚ್11, ಅಥವಾ 60 ವಾಟಿನ ಎಚ್‌ಬಿ3 ಇರಬಹುದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕೂರಿಸಲು ಒತ್ತಾಯಿಸಲೂ ಬಾರದು.

ಹಂತ 3: ಬಲ್ಬಿನವರೆಗೆ ಎಷ್ಟು ವೋಲ್ಟ್ ತಲುಪುತ್ತಿದೆ ಅಳೆಯಿರಿ

ಹಳೆಯ ಕಾರುಗಳಲ್ಲಿ ಮಂದ ಬೆಳಕಿಗೆ ಎಷ್ಟೋ ಸಲ ಬಲ್ಬು ಕಾರಣವಲ್ಲ, ವೈರಿಂಗ್ ಕಾರಣ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಬೆಳಕು ಸುಮಾರು ಮೂವತ್ತು ಶೇಕಡಾ ಇಳಿಯುತ್ತದೆ. ಕಿಲುಬು ಹಿಡಿದ ಅರ್ತ್, ಸಡಿಲವಾದ ಕಪ್ಲರ್, ಸವೆದ ಸ್ವಿಚ್ಚು ಇಷ್ಟು ಬೆಳಕನ್ನು ಸುಲಭವಾಗಿ ತಿಂದುಹಾಕುತ್ತವೆ.

ಇಂಜಿನ್ ಚಾಲೂ ಮಾಡಿ, ಡಿಮ್ ದೀಪ ಹಾಕಿ. ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆಯಿರಿ, ಸಾಮಾನ್ಯವಾಗಿ 13.5ರಿಂದ 14.4 ವೋಲ್ಟ್ ತೋರಿಸುತ್ತದೆ. ಆಮೇಲೆ ಬಲ್ಬಿನ ಕಪ್ಲರಿನ ಹಿಂಭಾಗದಿಂದ ಅಳೆಯಿರಿ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಕಳಚಿ ಅಳೆದರೆ ಕರೆಂಟು ಹರಿಯದ ಕಾರಣ ದೋಷ ಬಯಲಾಗುವುದಿಲ್ಲ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆಟೋ ಎಲೆಕ್ಟ್ರಿಷಿಯನ್ ಬಳಿ ಅರ್ತ್ ಶುಚಿ ಮಾಡಿಸಿ, ಕಪ್ಲರ್ ಬದಲಿಸಿ. ಅಷ್ಟಾದರೂ ಸರಿಹೋಗದಿದ್ದರೆ ಫ್ಯೂಸ್ ಸಮೇತ ರಿಲೇ ಹಾಕಿಸಿ. ಆಗ ಬಲ್ಬಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನಲ್ಲಿ ಕರೆಂಟು ಬರುತ್ತದೆ. ವಾರಂಟಿ ಇನ್ನೂ ಇರುವ ಕಾರಿನ ವೈರನ್ನು ಮಾತ್ರ ಕತ್ತರಿಸಬೇಡಿ.

ಹಂತ 4: ಬಲ್ಬು ಆರಿಸಿ

ಇಲ್ಲಿ ಆತುರ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಬಿಡಿಭಾಗದ ಅಂಗಡಿಯಾಗಲಿ, ಮುಖ್ಯವಾಗಿ ಮೂರು ಬಗೆ ನಿಮ್ಮ ಮುಂದೆ ಬರುತ್ತವೆ.

ಮೊದಲನೆಯದು, ಅದೇ 60/55 ವಾಟಿನ ಸುಧಾರಿತ ಹ್ಯಾಲೊಜೆನ್. ಫಿಲಿಪ್ಸ್, ಓಸ್ರಾಮ್ ಇಂಥವನ್ನು ಮಾಡುತ್ತವೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ತಂತಿಯ ರಚನೆ ಬಿಗಿಯಾಗಿರುವುದರಿಂದ ಅದೇ ವಾಟಿನಲ್ಲಿ ಬೆಳಕು ದೂರ ಹೋಗುತ್ತದೆ, ವೈರಿಂಗಿಗೆ ಹೊರೆಯಿಲ್ಲ. ಬಾಳಿಕೆ ಸಾಮಾನ್ಯ ಬಲ್ಬಿಗಿಂತ ಕಡಿಮೆ ಎಂಬುದನ್ನು ತಿಳಿದೇ ಕೊಳ್ಳಿ. ಡಬ್ಬಿಯ ಮೇಲಿನ ಶೇಕಡಾ ಲೆಕ್ಕ ಒಟ್ಟು ಬೆಳಕಿನದ್ದಲ್ಲ, ರಸ್ತೆಯ ಕೆಲವು ಬಿಂದುಗಳಲ್ಲಿ ಅಳೆದದ್ದು. ಗಾಢ ನೀಲಿ ಬಣ್ಣ ಬಳಿದ ಬಲ್ಬು ಬೇಡ. ಆ ಬಣ್ಣವೇ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ.

ಎರಡನೆಯದು, 100/90 ವಾಟಿನ ಬಲ್ಬು. 12 ವೋಲ್ಟಿನಲ್ಲಿ 60 ವಾಟ್ ಎಂದರೆ 5 ಆಂಪಿಯರ್; 100 ವಾಟ್ ಎಂದರೆ 8 ಆಂಪಿಯರ್ ದಾಟುತ್ತದೆ. ಕಂಪನಿಯ ವೈರು, ಸ್ವಿಚ್ಚು, ಹೋಲ್ಡರು ಇಷ್ಟನ್ನು ಹೊರಲು ಮಾಡಿದ್ದಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳೆಯುವ ಲೇಪ ಸುಡುತ್ತದೆ, ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ರಿಲೇ ಹಾಕಿದರೆ ವೈರು ಉಳಿಯಬಹುದು, ಎದುರಿನವರ ಕಣ್ಣು ಉಳಿಯುವುದಿಲ್ಲ. ರಸ್ತೆಯ ಕಾರಿಗೆ ಇದು ಬೇಡವೇ ಬೇಡ.

ಮೂರನೆಯದು, ಹ್ಯಾಲೊಜೆನ್ ಜಾಗದಲ್ಲಿ ಕೂರಿಸುವ ಎಲ್‌ಇಡಿ ಅಥವಾ ಎಚ್‌ಐಡಿ ಕಿಟ್. ನೋಡಲು ಝಗಮಗ, ಕಾರಿನ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದಂತೆ ಬೆಳ್ಳಗೆ. ಆದರೆ ರಿಫ್ಲೆಕ್ಟರನ್ನು ರೂಪಿಸಿರುವುದು ಹ್ಯಾಲೊಜೆನ್ ತಂತಿ ಇರುವ ಆ ಒಂದು ಪುಟ್ಟ ಜಾಗಕ್ಕೆ ಸರಿಯಾಗಿ. ಎಚ್4ರಲ್ಲಿ ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಮರೆಯೂ ಇದ್ದು, ಬೆಳಕು ಮೇಲಕ್ಕೆ ಹೋಗದಂತೆ ತಡೆಯುತ್ತದೆ. ಬೆಳಕಿನ ಮೂಲದ ಆಕಾರ, ಜಾಗ ಬದಲಾದರೆ ಬೆಳಕು ಚೆದುರಿ ಎದುರಿನ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಹತ್ತಿರದ ಅತಿ ಬೆಳಕಿಗೆ ನಮ್ಮ ಪಾಪೆಯೂ ಕಿರಿದಾಗಿ ದೂರದ್ದು ಕಾಣುವುದು ಇನ್ನೂ ಕಡಿಮೆಯಾಗುತ್ತದೆ. 2024ರಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿ ಪ್ರಕರಣ ದಾಖಲಿಸಿದ್ದು ಇದೇ ಕಾರಣಕ್ಕೆ.

ಹಂತ 5: ಹಳೆಯ ಬಲ್ಬು ಬಿಚ್ಚಿ

ಇಂಜಿನ್, ದೀಪ ಎರಡನ್ನೂ ಆರಿಸಿ, ಕೀ ತೆಗೆಯಿರಿ. ದೀಪ ಉರಿದಿದ್ದರೆ ಕಾಲು ಗಂಟೆಯಾದರೂ ಆರಲು ಬಿಡಿ. ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂಭಾಗಕ್ಕೆ ಟಾರ್ಚ್ ಬಿಡಿ. ಎಚ್4 ಆದರೆ ಕ್ರಮ ಹೀಗೆ:

• ಮೂರು ಪಿನ್ನಿನ ಕಪ್ಲರನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ವೈರು ಹಿಡಿದು ಎಳೆಯಬೇಡಿ.
• ರಬ್ಬರ್ ಕವರನ್ನು ಅಂಚಿನಿಂದ ಬಿಡಿಸಿ.
• ಬಲ್ಬು ಹಿಡಿದಿರುವ ಸ್ಪ್ರಿಂಗ್ ಕ್ಲಿಪ್ಪನ್ನು ಒತ್ತಿ, ಪಕ್ಕಕ್ಕೆ ಸರಿಸಿ. ಅದು ಹೇಗೆ ಸಿಕ್ಕಿಕೊಂಡಿತ್ತು ಎಂದು ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.
• ಬಲ್ಬನ್ನು ನೇರವಾಗಿ ಹೊರಗೆಳೆಯಿರಿ.

ಎಚ್11, ಎಚ್‌ಬಿ3 ನಮೂನೆಯವನ್ನು ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತವೆ.

ಹಂತ 6: ಹೊಸದನ್ನು ಕೂರಿಸಿ

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆಯಂಶ ಅಂಟಿದ ಜಾಗ ಉರಿಯುವಾಗ ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ. ಅಪ್ಪಿತಪ್ಪಿ ಮುಟ್ಟಿದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ.

ಎಚ್4ರ ಬುಡದ ತಗಡಿನಲ್ಲಿ ಮೂರು ಕಿವಿಗಳಿರುತ್ತವೆ, ಅಗಲವಾದದ್ದು ಮೇಲೆ ಬರಬೇಕು. ಬಲ್ಬು ಅಲುಗಾಡದೆ ಸಮವಾಗಿ ಕೂತ ಮೇಲೆ ಕ್ಲಿಪ್ ಹಾಕಿ. ರಬ್ಬರ್ ಕವರಿನ ಮೇಲೆ 'ಟಾಪ್' ಎಂಬ ಗುರುತಿದ್ದರೆ ಅದು ಮೇಲಿರಲಿ. ಸುತ್ತಲೂ ಬಿಗಿಯಾಗಿ ಒತ್ತಿ. ಇಲ್ಲಿ ಸಂದಿ ಬಿಟ್ಟರೆ ಮಳೆಯ ತೇವ ಒಳಹೊಕ್ಕು ರಿಫ್ಲೆಕ್ಟರ್ ಮಂಕಾಗುತ್ತದೆ. ಕಪ್ಲರ್ ಚುಚ್ಚಿ. ಒಂದೇ ಬಲ್ಬು ಸುಟ್ಟಿದ್ದರೂ ಎರಡನ್ನೂ ಬದಲಿಸಿ, ಎರಡೂ ಕಡೆ ಬೆಳಕು ಸಮವಾಗಿರಲಿ. ಹಳೆಯದರಲ್ಲಿ ಚೆನ್ನಾಗಿರುವುದನ್ನು ಕಾರಿನಲ್ಲಿ ಸ್ಪೇರ್ ಆಗಿ ಇಡಿ.

ಹಂತ 7: ಗೋಡೆಯ ಮುಂದೆ ಎತ್ತರ ಹೊಂದಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚು ಫಲ ಕೊಡುವ ಹಂತವೂ ಇದೇ. ಟೈರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂರಲಿ, ಒಳಗೆ ದೀಪ ಏರಿಳಿಸುವ ಗುಂಡಿ ಇದ್ದರೆ ಸೊನ್ನೆಯಲ್ಲಿರಲಿ.

ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಗೆ ತೀರಾ ಹತ್ತಿರ ನಿಲ್ಲಿಸಿ, ಎರಡೂ ಬಲ್ಬುಗಳ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಈಗ ಕಾರನ್ನು ನೇರವಾಗಿ 5 ಮೀಟರ್ ಹಿಂದಕ್ಕೆ ತಂದು ಡಿಮ್ ಹಾಕಿ. ಬೆಳಕಿನ ಮೇಲಿನ ಅಂಚು ಟೇಪಿಗಿಂತ 5ರಿಂದ 7 ಸೆಂಟಿಮೀಟರ್ ಕೆಳಗಿರಬೇಕು. ಹೆಡ್‌ಲೈಟಿನ ಮೇಲೋ ಬಾನೆಟ್ಟಿನ ಒಳಗಿನ ಚೀಟಿಯಲ್ಲೋ 1 ಶೇಕಡಾ ಎಂದು ಬರೆದಿದ್ದರೆ, ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಇಳಿಯಬೇಕೆಂದು ಅರ್ಥ. ನಾವು ರಸ್ತೆಯ ಎಡಕ್ಕೆ ಓಡಿಸುವವರಾದ್ದರಿಂದ ಆ ಅಂಚು ಎಡಗಡೆ ತುಸು ಮೇಲೇರಿರುತ್ತದೆ. ಪಾದಚಾರಿ, ರಸ್ತೆಯಂಚು ಕಾಣಲು ಈ ವ್ಯವಸ್ಥೆ. ಬಲಗಡೆ ಏರಿದ್ದರೆ ಎಲ್ಲೋ ತಪ್ಪಾಗಿದೆ. ಹೆಡ್‌ಲೈಟಿನ ಹಿಂದಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಿ. ಹಿಂದಿನ ಸೀಟು, ಡಿಕ್ಕಿ ತುಂಬಿಸಿ ಹೊರಟ ದಿನ ಕಾರಿನ ಮೂತಿ ಮೇಲೇಳುತ್ತದೆ. ಅಂದು ಒಳಗಿನ ಗುಂಡಿಯಿಂದ ಬೆಳಕನ್ನು ಇಳಿಸಿ.

ಹಂತ 8: ಓಡಿಸಿ ನೋಡಿ, ವೇಗವನ್ನು ಬೆಳಕಿಗೆ ಹೊಂದಿಸಿ

ವಾಹನ ಕಡಿಮೆ ಇರುವ ರಸ್ತೆಯಲ್ಲಿ ಹೈ, ಡಿಮ್ ಎರಡನ್ನೂ ಪರೀಕ್ಷಿಸಿ. ಎದುರಿನವರು ಮತ್ತೆ ಮತ್ತೆ ದೀಪ ಮಿನುಗಿಸಿದರೆ ನಿಮ್ಮ ಬೆಳಕು ಮೇಲಿದೆ ಎಂದೇ ತಿಳಿಯಿರಿ, ಗೋಡೆಯ ಮುಂದೆ ಇನ್ನೊಮ್ಮೆ ಹೊಂದಿಸಿ.

ಒಂದು ಲೆಕ್ಕ ನೆನಪಿರಲಿ. ಗಂಟೆಗೆ 80 ಕಿಲೋಮೀಟರಿನಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಡ್ಡಿ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 30 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲೂ ಪೂರ್ತಿ ನಿಲ್ಲಲು ಸುಮಾರು 75 ಮೀಟರ್ ಬೇಕು. 60ರಲ್ಲಿ ಸುಮಾರು 50 ಮೀಟರ್ ಸಾಕು. ಡಿಮ್ ದೀಪದಲ್ಲಿ ಅಷ್ಟು ದೂರ ಸ್ಪಷ್ಟವಾಗಿ ಕಾಣುತ್ತಿಲ್ಲವೆಂದರೆ ಆ ವೇಗ ನಿಮ್ಮ ಬೆಳಕಿಗೆ ಹೆಚ್ಚಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಎದುರು ವಾಹನ ಕಂಡ ಕೂಡಲೇ ಡಿಮ್ ಮಾಡುವುದನ್ನು ಮರೆಯಬೇಡಿ. ನಿಮ್ಮ ಬೆಳಕಿಗೆ ಕಣ್ಣು ಕುಕ್ಕಿಸಿಕೊಂಡ ಚಾಲಕ ಬರುತ್ತಿರುವುದು ನಿಮ್ಮ ಕಡೆಗೇ. ಅವರಿಗೂ ದಾರಿ ಕಾಣುವಂತೆ ದೀಪ ಇಟ್ಟುಕೊಳ್ಳಿ.