ನಿರ್ನಾಳ ಗ್ರಂಥಿಗಳ ವ್ಯಾಧಿ ಮತ್ತು ಮೂತ್ರಪಿಂಡಗಳ ರಕ್ಷಣೆ

ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ರಕ್ಷಣಾಶಕ್ತಿಯು ಕೆಲವೊಮ್ಮೆ ಶರೀರದ ಸ್ವಂತ ಅಂಗದ ಮೇಲೆಯೇ ಎರಗುವುದುಂಟು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಿರ್ನಾಳ ಗ್ರಂಥಿಗಳಲ್ಲಿ ಥೈರಾಯ್ಡ್, ಅಡ್ರಿನಲ್ ಹಾಗೂ ಮೇದೋಜೀರಕದೊಳಗಿನ ಇನ್ಸುಲಿನ್ ಸ್ರವಿಸುವ ಜೀವಕೋಶಗಳು ಇದಕ್ಕೆ ಈಡಾಗುತ್ತವೆ. ಥೈರಾಯ್ಡ್ ಕುಂದಿದಾಗ ಮೂತ್ರಪಿಂಡಗಳ ಸೋಸುವ ವೇಗವು ತಗ್ಗುವುದಾದರೂ ಥೈರಾಕ್ಸಿನ್ ಗುಳಿಗೆಯಿಂದ ಅದು ಬಹುಮಟ್ಟಿಗೆ ಸುಧಾರಿಸುವುದು. ಅಡ್ರಿನಲ್ ಕುಂದಿದರೆ ರಕ್ತದೊತ್ತಡವಿಳಿದು ಪೊಟ್ಯಾಸಿಯಂ ಏರುವುದು. ಇದಕ್ಕೂ ಸಕಾಲಿಕ ಚಿಕಿತ್ಸೆಯುಂಟು. ಮೂತ್ರಪಿಂಡಗಳಿಗೆ ಶಾಶ್ವತ ಹಾನಿಯ ಭಯವಿರುವುದು ಮುಖ್ಯವಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣುವ ಒಂದನೆಯ ಬಗೆಯ ಮಧುಮೇಹದಿಂದ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿಯುವವರೆಗೆ ಇಂತಹ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಆಯುಸ್ಸನ್ನಿತ್ತಿತು; ಆಯುಸ್ಸಿನೊಡನೆ ದೀರ್ಘಕಾಲದ ತೊಡಕುಗಳೂ ತಲೆದೋರಿದವು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಾಗಿದ್ದರೆ ಇವುಗಳ ಗೋಡೆ ದಪ್ಪವಾಗಿ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಆಗ ನೋವಿರದು, ಬಾವಿರದು. ಆದುದರಿಂದ ರೋಗ ತಿಳಿದ 5 ವರ್ಷಗಳ ಬಳಿಕ ಪ್ರತಿವರ್ಷವೂ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಅವಶ್ಯಕ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ಹಾನಿ ಬಹಳಷ್ಟು ತಗ್ಗುವುದೆಂದು 1993ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾಗಳ ಅಧ್ಯಯನವು ಸಿದ್ಧಪಡಿಸಿತು.

ಪುತ್ತೂರು, ಸುಳ್ಯ, ಕಡಬಗಳ ಜನಜೀವನಕ್ಕೆ ಈ ವಿಷಯವು ನೇರವಾಗಿ ಸಂಬಂಧಿಸಿದೆ. ಹಿತ್ತಿಲಲ್ಲಿ ಬೆಳೆಯುವ ಬಿಂಬುಳಿಯ ರಸವನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಕುಡಿಯುವುದು ಅಪಾಯಕರ; ಅದರ ಆಕ್ಸಲೇಟ್ ಅಂಶದಿಂದ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟ ಪ್ರಸಂಗಗಳನ್ನು ನೆರೆಯ ಕೇರಳದ ವೈದ್ಯರು ದಾಖಲಿಸಿದ್ದಾರೆ. ಧಾರೆಹುಳಿಯೂ ಮೂತ್ರಪಿಂಡರೋಗಿಗೆ ವರ್ಜ್ಯ. ಪೊಟ್ಯಾಸಿಯಂ ಏರಿದವರಿಗೆ ಎಳನೀರೂ ಅಮೃತವಲ್ಲ. ಆದರೆ ಇನ್ಸುಲಿನ್ ಪಡೆಯುವ ಬಾಲಕನು ಬೆವೆತು ನಡುಗಿದಾಗ, ಅತಿಥಿಗೆ ಕೊಡುವ ಅದೇ ಬೆಲ್ಲನೀರು ಪ್ರಾಣ ಉಳಿಸಬಲ್ಲದು.

ಮೂತ್ರಪಿಂಡಗಳು ಸೋತ ಮೇಲೆ ಉಳಿಯುವ ಮಾರ್ಗಗಳು ಡಯಾಲಿಸಿಸ್ ಹಾಗೂ ಕಸಿ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ ಯಂತ್ರದ ಬಳಿ ಕಳೆಯಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಬಡವರಿಗೆ ಇದನ್ನು ಉಚಿತವಾಗಿ ಒದಗಿಸುತ್ತದೆ. ಆದರೂ ಘಟ್ಟದ ತಪ್ಪಲಿನ ಹಳ್ಳಿಯಿಂದ ಬರುವ ಕೂಲಿಕಾರನಿಗೆ ಬಸ್ಸಿನ ವೆಚ್ಚವೂ ಕಳೆದ ದಿನಗೂಲಿಯೂ ಹೊರೆಯೇ.

ಪದೇ ಪದೇ ನೀರು ಕುಡಿದು ಮೂತ್ರಕ್ಕೆ ಹೋಗುವ, ಉಂಡರೂ ಸೊರಗುವ ವಿದ್ಯಾರ್ಥಿಯನ್ನು ಗದರಿಸದೆ ಅಂದೇ ವೈದ್ಯರಲ್ಲಿಗೆ ಕಳುಹಿಸುವ ಅಧ್ಯಾಪಕನು ಒಂದು ಜೀವವನ್ನು ಉಳಿಸಿದಂತೆ. ಅಂತಹ ಮಗುವಿನ ಇನ್ಸುಲಿನ್ನಿಗೂ ವಾರ್ಷಿಕ ಪರೀಕ್ಷೆಗೂ ನೆರವಾಗುವುದು ಅನ್ನದಾಸೋಹ, ಜ್ಞಾನದಾಸೋಹಗಳಷ್ಟೇ ಶ್ರೇಷ್ಠವಾದ ಆರೋಗ್ಯದಾಸೋಹ.