ಹಳೆಯ ಮೊಬೈಲಿಗೆ ಮರುಜೀವ



ಮನೆಯ ಹಳೆಯ ಮೊಬೈಲು ಕಂಪನಿಯ ಗುರುತನ್ನಷ್ಟೇ ತೋರಿಸಿ ನಿಂತುಬಿಟ್ಟರೆ, ಅದು ಕೆಟ್ಟಿತೆಂದು ಮೂಲೆಗೆ ಹಾಕುವುದುಂಟು. ಯಂತ್ರ ಕೆಡುವುದು ಬೇರೆ. ಯಂತ್ರವನ್ನು ನಡೆಸುವ ತಂತ್ರಾಂಶ ಕೆಡುವುದು ಬೇರೆ. ಎರಡನೆಯದಕ್ಕೆ ಮದ್ದುಂಟು.

ನಮ್ಮ ದಿವಾ ಜಂಕ್ಷನ್ನನ್ನು ನೆನೆಯಿರಿ. ಅಲ್ಲಿಂದ ಒಂದು ಹಳಿ ವಸಾಯಿಗೂ ಮತ್ತೊಂದು ಪನವೇಲಿಗೂ ಹೋಗುತ್ತದೆ. ಹಳಿಯನ್ನು ಯಾವ ಕಡೆಗೆ ಕೂಡಿಸಿರುವರೋ ಗಾಡಿ ಆ ಕಡೆಗೇ ಹೊರಳುವುದು. ಮೊಬೈಲಿನಲ್ಲಿ ಇಂತಹ ಕೆಲಸವನ್ನು ಮಾಡುವುದು ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶ. ಅದು ಆಂಡ್ರಾಯ್ಡ್‌ಗಿಂತ ಮೊದಲೇ ಎಚ್ಚೆತ್ತು ಅದಕ್ಕೆ ದಾರಿ ಬಿಡುತ್ತದೆ; ಗೊತ್ತಾದ ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ದುರಸ್ತಿಯ ದಾರಿಗೆ ತಿರುಗಿಸುತ್ತದೆ. ಆದುದರಿಂದ ಆಂಡ್ರಾಯ್ಡ್ ಕೆಟ್ಟರೂ ಬೂಟ್‌ಲೋಡರ್ ಉಳಿದಿದ್ದರೆ ಮೊಬೈಲು ಬದುಕಬಲ್ಲುದು.

ಉದಾಹರಣೆಗೆ, ಗೂಗಲ್ ಕಂಪನಿಯು 2013ರಲ್ಲಿ ಎಲ್‌ಜಿ ಕಂಪನಿಯಿಂದ ಮಾಡಿಸಿ ಮಾರಿದ ನೆಕ್ಸಸ್ 5. ಅದಕ್ಕೆ 2015ರಲ್ಲಿ ಆಂಡ್ರಾಯ್ಡ್ 6 ದೊರೆಯಿತು. ಮರುವರ್ಷದ ಆಂಡ್ರಾಯ್ಡ್ 7 ದೊರೆಯಲಿಲ್ಲ. 2021ರಲ್ಲಿ ಎಲ್‌ಜಿ ಮೊಬೈಲಿನ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಆದರೆ ಗೂಗಲ್ ಆ ಮಾದರಿಯ ಮೂಲ ತಂತ್ರಾಂಶವನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿದ್ದರಿಂದ ಅದನ್ನು ಮತ್ತೆ ಸ್ಥಾಪಿಸಲು ಸಾಧ್ಯವಾಯಿತು.

ಕ್ರಮ ಹೀಗಿದೆ. ಹಿರಿಯರನ್ನು ಜೊತೆಗಿಟ್ಟುಕೊಂಡೇ ಮಾಡತಕ್ಕದ್ದು.

1. ಮಾದರಿಯ ಹೆಸರನ್ನು ಸರಿಯಾಗಿ ತಿಳಿಯಿರಿ. ಒಂದು ಮಾದರಿಯ ತಂತ್ರಾಂಶ ಇನ್ನೊಂದಕ್ಕೆ ಹೊಂದದು.

2. ತಂತ್ರಾಂಶವನ್ನು ತಯಾರಕರಿಂದಲೇ ಪಡೆಯಿರಿ. ಅದರೊಡನೆ ಕೊಟ್ಟಿರುವ 64 ಅಕ್ಷರಗಳ ಪರೀಕ್ಷಾಸಂಖ್ಯೆಯನ್ನು ನಿಮ್ಮ ಕಂಪ್ಯೂಟರ್ ಲೆಕ್ಕಹಾಕಿದ ಸಂಖ್ಯೆಯೊಡನೆ ತಾಳೆನೋಡಿರಿ. ಕಡತದಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಹೊಂದುವುದಿಲ್ಲ.

3. ಬ್ಯಾಟರಿಯನ್ನು ಪೂರ್ಣ ತುಂಬಿಸಿರಿ. ಬರವಣಿಗೆಯ ನಡುವೆ ಮೊಬೈಲು ಆರಿದರೆ ಬೂಟ್‌ಲೋಡರಿಗೇ ಅಪಾಯ.

4. ನೆಕ್ಸಸ್ 5ರಲ್ಲಿ ಧ್ವನಿಯ ಎರಡೂ ಗುಂಡಿಗಳನ್ನು ಪವರ್ ಗುಂಡಿಯೊಡನೆ ಅದುಮಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ, ಬೂಟ್‌ಲೋಡರಿನ ಬೀಗ ತೆಗೆದು, ಮೂಲ ತಂತ್ರಾಂಶವನ್ನು ಬರೆಯಿಸಬೇಕು.

ಬೀಗ ತೆಗೆದೊಡನೆ ಒಳಗಿನ ಚಿತ್ರ, ಧ್ವನಿ, ಬರಹವೆಲ್ಲವೂ ಅಳಿದುಹೋಗುವುವು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಹಳೆಯ ಮೊಬೈಲು ಆಗಾಗ ತಾನಾಗಿಯೇ ನಿಂತು ಹೋಗುತ್ತಿತ್ತು. ಅದರಲ್ಲಿ ಊರಿನ ಅಜ್ಜಿ ಕಥೆ ಹೇಳಿದ ಧ್ವನಿಯಿತ್ತು. ನಕಲು ಮಾಡಿಕೊಳ್ಳಲು ಅರ್ಧ ಗಂಟೆ ಸಾಕಾಗುತ್ತಿತ್ತು, ಅವಸರದಿಂದ ಮಾಡಲಿಲ್ಲ. ಮೊಬೈಲು ಹೊಸದರಂತೆ ಎದ್ದಿತು. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಹೀಗೆ ಎದ್ದ ಹಳೆಯ ಮೊಬೈಲಿಗೆ ರಕ್ಷಣೆಯ ಹೊಸ ತಿದ್ದುಪಡಿಗಳು ಬಾರವು. ಬ್ಯಾಂಕಿನ ವ್ಯವಹಾರಕ್ಕೆ ಅದು ತಕ್ಕುದಲ್ಲ. ಪುಸ್ತಕ ಓದಲು, ಪಾಠ ಕೇಳಲು, ಚಿತ್ರ ತೆಗೆಯಲು ಸಾಕು. ಕಳೆದುಹೋದ ತಂತ್ರಾಂಶವನ್ನು ಮತ್ತೆ ತರಬಹುದು. ನಕಲಿಲ್ಲದ ನೆನಪನ್ನು ತರಲಾಗದು. ಆದುದರಿಂದ ಮೊದಲು ನಕಲು, ಅನಂತರ ದುರಸ್ತಿ.